ಮುನ್ಸೂಚನೆ ಮತ್ತು ಮುನ್ನೆಚ್ಚರಿಕೆ

ಪ್ರಕೃತಿಯ ವಿಕೋಪಗಳೆಲ್ಲವೂ ಒಂದೇ ಬಗೆಯವಲ್ಲ. ಭೂಕಂಪವು ಹೇಳದೆ ಕೇಳದೆ ಬರುತ್ತದೆ. ಅದು ಯಾವ ದಿನ, ಯಾವ ಗಳಿಗೆಯಲ್ಲಿ ಸಂಭವಿಸುವುದೆಂದು ಮೊದಲೇ ತಿಳಿಸುವ ವಿದ್ಯೆಯು ಇಂದಿಗೂ ಮನುಷ್ಯನ ಕೈಗೆ ಸಿಕ್ಕಿಲ್ಲ. ಚಂಡಮಾರುತ ಮತ್ತು ನೆರೆಗಳ ರೀತಿ ಬೇರೆ. ಅವು ದೂರದಲ್ಲಿ ಹುಟ್ಟುತ್ತವೆ, ದಾರಿ ನಡೆದು ಬರುತ್ತವೆ, ಬರುವ ಮುನ್ನ ಸುಳಿವು ಕೊಡುತ್ತವೆ. ಆ ಸುಳಿವನ್ನು ಓದಿ ಜನರಿಗೆ ತಿಳಿಸುವುದು ಮುನ್ಸೂಚನೆ. ತಿಳಿದ ಮೇಲೆ ಮಾಡಬೇಕಾದುದನ್ನು ಮಾಡುವುದು ಮುನ್ನೆಚ್ಚರಿಕೆ. ಈ ಎರಡು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿಯುಂಟು. ಆದರೆ ಅವುಗಳ ನಡುವಿನ ಅಂತರವು ಸಾವಿರಾರು ಜನರ ಬದುಕು ಸಾವುಗಳ ಅಂತರವಾಗಿದೆ. ಮೊದಲನೆಯದು ವಿಜ್ಞಾನಿಯ ಕೆಲಸ. ಎರಡನೆಯದು ಊರಿನ ಕೆಲಸ.

ಚಂಡಮಾರುತವು ಹುಟ್ಟುವುದು ಬೆಚ್ಚನೆಯ ಕಡಲಿನ ಮೇಲೆ. ಸಮುದ್ರದ ಮೇಲ್ಮೈಯ ಉಷ್ಣತೆಯು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಾದಾಗ ಅಪಾರ ಪ್ರಮಾಣದ ನೀರಾವಿಯು ಮೇಲೇಳುತ್ತದೆ. ಮೇಲೇರಿದ ಆವಿಯು ತಣಿದು ಹನಿಯಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು ಹೊರಚೆಲ್ಲುತ್ತದೆ. ಆ ಶಾಖದಿಂದ ಗಾಳಿಯು ಇನ್ನೂ ಹಗುರವಾಗಿ ಇನ್ನೂ ಮೇಲೇರುತ್ತದೆ. ಕೆಳಗೆ ವಾಯುಭಾರವು ಕುಸಿಯುತ್ತದೆ. ಸುತ್ತಲಿನ ಗಾಳಿಯು ಆ ತಗ್ಗಿನತ್ತ ನುಗ್ಗುತ್ತದೆ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದರಿಂದ ಹೀಗೆ ನುಗ್ಗುವ ಗಾಳಿಯು ನೇರವಾಗಿ ಸಾಗದೆ ಸುಳಿಯಾಗಿ ಸುತ್ತತೊಡಗುತ್ತದೆ. ಉತ್ತರ ಗೋಳಾರ್ಧದಲ್ಲಿ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧವಾದ ದಿಕ್ಕಿನಲ್ಲಿರುತ್ತದೆ. ಗಾಳಿಯ ವೇಗವು ಗಂಟೆಗೆ 62 ಕಿಲೋಮೀಟರನ್ನು ಮುಟ್ಟಿದಾಗ ಅದಕ್ಕೆ ಚಂಡಮಾರುತವೆಂಬ ಹೆಸರು ಸಲ್ಲುತ್ತದೆ. ಬಲಿತ ಚಂಡಮಾರುತದ ನಡುವೆ ಗಾಳಿಯಿಲ್ಲದ ಒಂದು ಶಾಂತ ಪ್ರದೇಶವಿರುತ್ತದೆ. ಅದನ್ನು ಚಂಡಮಾರುತದ ಕಣ್ಣು ಎನ್ನುತ್ತಾರೆ. ಕಣ್ಣು ತಲೆಯ ಮೇಲೆ ಬಂದಾಗ ಬಿರುಗಾಳಿಯು ಅಡಗಿತೆಂದು ತಿಳಿದು ಹೊರಗೆ ಬಂದವರು, ಎದುರು ದಿಕ್ಕಿನಿಂದ ಮತ್ತೆ ಎರಗುವ ಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಳ್ಳುವುದುಂಟು.

ಇಷ್ಟೆಲ್ಲ ನಡೆಯುವುದಕ್ಕೆ ದಿನಗಳು ಬೇಕು. ಆ ದಿನಗಳೇ ಮನುಷ್ಯನಿಗೆ ದೊರೆಯುವ ಅವಕಾಶ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯು ಇಂದು ಉಪಗ್ರಹ ಮತ್ತು ರಾಡಾರುಗಳ ನೆರವಿನಿಂದ ಕಡಲ ಮೇಲಿನ ಸುಳಿಯನ್ನು ಹುಟ್ಟಿನಿಂದಲೇ ಗಮನಿಸುತ್ತದೆ. ಕರಾವಳಿಯ ಮೇಲೆ ಪ್ರತಿಕೂಲ ಹವೆಯು ಆರಂಭವಾಗುವುದಕ್ಕೆ 72 ಗಂಟೆ ಮುಂಚೆಯೇ ಆಡಳಿತಕ್ಕೆ ಮೊದಲ ಸೂಚನೆಯು ಹೋಗುತ್ತದೆ. 48 ಗಂಟೆ ಮುಂಚೆ ಎರಡನೆಯದು, 24 ಗಂಟೆ ಮುಂಚೆ ಮೂರನೆಯದು, 12 ಗಂಟೆ ಮುಂಚೆ ನಾಲ್ಕನೆಯದು. ಮೂರು ಹಗಲು, ಮೂರು ಇರುಳು. ಒಂದು ಊರು ಸುರಕ್ಷಿತ ಸ್ಥಳವನ್ನು ಸೇರುವುದಕ್ಕೆ ಇಷ್ಟು ಕಾಲ ಸಾಲದೆಂದು ಹೇಳುವಂತಿಲ್ಲ.

ಹಾಗಾದರೆ ಸೂಚನೆ ಸಿಕ್ಕರೆ ಸಾಕೇ? ಇತಿಹಾಸವು ಸಾಲದೆಂದೇ ಹೇಳುತ್ತದೆ. 1970ರ ನವೆಂಬರ್ ತಿಂಗಳಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನದ ಕರಾವಳಿಯನ್ನು ಅಪ್ಪಳಿಸಿದ ಚಂಡಮಾರುತದಲ್ಲಿ ಕನಿಷ್ಠ 3 ಲಕ್ಷ ಜನರು ಸತ್ತರು. ಬಿರುಗಾಳಿಯು ಬರುತ್ತಿದೆಯೆಂಬ ಸುದ್ದಿಯು ಅವರಲ್ಲಿ ಬಹುಮಂದಿಗೆ ತಿಳಿದಿತ್ತು. ಆದರೆ ಭದ್ರವಾದ ಕಟ್ಟಡವನ್ನು ಸೇರಿದವರು ಅತ್ಯಲ್ಪ. ಕಡಲಿನ ಏರುನೀರು ರಾತ್ರಿಯ ಕತ್ತಲಲ್ಲಿ ತಗ್ಗಿನ ದ್ವೀಪಗಳ ಮೇಲೆ ನುಗ್ಗಿ ಅಲ್ಲಿದ್ದುದನ್ನೆಲ್ಲ ಗುಡಿಸಿಕೊಂಡು ಹೋಯಿತು. ಅಲ್ಲಿ ಮುನ್ಸೂಚನೆಯಿತ್ತು, ಮುನ್ನೆಚ್ಚರಿಕೆಯಿರಲಿಲ್ಲ.

ಆ ದುರಂತದಿಂದ ಪಾಠ ಕಲಿತ ಬಾಂಗ್ಲಾದೇಶವು 1972ರಲ್ಲಿ ಸ್ವಯಂಸೇವಕರ ಒಂದು ವ್ಯವಸ್ಥೆಯನ್ನು ಆರಂಭಿಸಿತು. ಹಳ್ಳಿಯ ರೈತರು, ಮೀನುಗಾರರು, ಶಿಕ್ಷಕರೇ ಇದರ ಸದಸ್ಯರು. ಸೂಚನೆಯು ಬಂದೊಡನೆ ಅವರು ಬಾವುಟವನ್ನೇರಿಸುತ್ತಾರೆ, ಕೈಯ ಧ್ವನಿವರ್ಧಕವನ್ನು ಹಿಡಿದು ಮನೆಮನೆಗೆ ಹೋಗುತ್ತಾರೆ, ನಡೆಯಲಾರದವರನ್ನು ಎತ್ತಿಕೊಂಡು ಬರುತ್ತಾರೆ. ಜನರಿಗೆ ಆಶ್ರಯ ಕಟ್ಟಡಗಳೂ ಜಾನುವಾರುಗಳಿಗೆ ಎತ್ತರವಾದ ಮಣ್ಣಿನ ದಿಬ್ಬಗಳೂ ನಿರ್ಮಾಣವಾದವು. 2020ರಲ್ಲಿ ಆಂಫನ್ ಎಂಬ ಪ್ರಬಲ ಚಂಡಮಾರುತವು ಬಂದಾಗ ಆ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸತ್ತವರ ಸಂಖ್ಯೆಯು ನೂರನ್ನು ಮುಟ್ಟಲಿಲ್ಲ.

ಭಾರತದ ಒಡಿಶಾ ರಾಜ್ಯದ ಅನುಭವವೂ ಇಂಥದೇ. 1999ರ ಅಕ್ಟೋಬರ್ 29ರಂದು ಅಲ್ಲಿಯ ಕರಾವಳಿಗೆ ಎರಗಿದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನರು ಮಡಿದರು. ಆ ಬಳಿಕ ರಾಜ್ಯವು ವಿಪತ್ತಿನ ನಿರ್ವಹಣೆಗೆಂದೇ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿತು, ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿಸಿತು, ಹಳ್ಳಿಗರಿಗೆ ತರಬೇತಿ ಕೊಟ್ಟಿತು. 2013ರ ಅಕ್ಟೋಬರ್ 12ರಂದು ಫೈಲಿನ್ ಎಂಬ ಚಂಡಮಾರುತವು ಅದೇ ರಾಜ್ಯದ ಗೋಪಾಲಪುರದ ಬಳಿ ದಡ ಮುಟ್ಟಿದಾಗ ಸುಮಾರು 10 ಲಕ್ಷ ಜನರು ಅದಕ್ಕೂ ಮೊದಲೇ ಮನೆಗಳನ್ನು ಬಿಟ್ಟು ಹೊರಟಿದ್ದರು. ಆ ಸಲ ಸತ್ತವರ ಸಂಖ್ಯೆಯು ಹತ್ತುಗಳ ಲೆಕ್ಕದಲ್ಲಿತ್ತು. ಹದಿನಾಲ್ಕು ವರ್ಷಗಳಲ್ಲಿ ಕಡಲು ಮೆತ್ತಗಾಗಲಿಲ್ಲ, ಜನರು ಎಚ್ಚೆತ್ತಿದ್ದರು.

ಸೂಚನೆಯು ಎಲ್ಲರಿಗೂ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2017ರ ನವೆಂಬರ್ ತಿಂಗಳ ಕೊನೆಯಲ್ಲಿ ಓಖಿ ಚಂಡಮಾರುತವು ಕನ್ಯಾಕುಮಾರಿಯ ದಕ್ಷಿಣದಲ್ಲಿ ಬಹು ಬೇಗನೆ ಬಲಿತು ಅರಬ್ಬೀ ಸಮುದ್ರವನ್ನು ಹೊಕ್ಕಿತು. ಅದಕ್ಕೂ ಮೊದಲೇ ಆಳಕಡಲಿಗೆ ಹೋಗಿದ್ದ ಮೀನುಗಾರರಿಗೆ ದಡದ ಮಾತು ಕೇಳಿಸಲಿಲ್ಲ. ಕೇರಳ ಮತ್ತು ತಮಿಳುನಾಡುಗಳ ನೂರಾರು ದೋಣಿಕಾರರು ಮರಳಿ ಬರಲಿಲ್ಲ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಕರ್ನಾಟಕದ ಕರಾವಳಿಯ ಪಕ್ಕದಲ್ಲಿಯೇ ಸಾಗಿ ಗುಜರಾತಿನತ್ತ ಹೋದಾಗ ಉಳ್ಳಾಲದಂತಹ ಊರುಗಳಲ್ಲಿ ಕಡಲು ದಂಡೆಯನ್ನು ಕೊರೆದು ಮನೆಗಳನ್ನೂ ರಸ್ತೆಗಳನ್ನೂ ಹಾನಿಗೊಳಿಸಿತು. ಇತ್ತೀಚಿನ ದಶಕಗಳಲ್ಲಿ ಅರಬ್ಬೀ ಸಮುದ್ರವು ಹೆಚ್ಚು ಬೆಚ್ಚಗಾಗುತ್ತಿರುವುದರಿಂದ ಈ ಪಶ್ಚಿಮ ಕರಾವಳಿಯೂ ಮೊದಲಿನಂತೆ ನಿಶ್ಚಿಂತವಾಗಿರುವಂತಿಲ್ಲ.

ಇದೆಲ್ಲವೂ ಕಡಲ ದಂಡೆಯವರ ಕಥೆ, ಒಳನಾಡಿನವರಿಗೆ ಇದರ ಗೊಡವೆಯೇಕೆ ಎಂದು ಕೇಳುವವರುಂಟು. ಕಡಲು ಕಾಣದ ಊರಿಗೂ ಕಡಲಿನ ಪ್ರಭಾವವು ತಪ್ಪಿದ್ದಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರವು ಕುಸಿದಾಗ ಅರಬ್ಬೀ ಸಮುದ್ರದ ಮೇಲಿಂದ ಬೀಸುವ ಮುಂಗಾರಿನ ಗಾಳಿಯು ಬಲಗೊಳ್ಳುತ್ತದೆ. ಆ ಗಾಳಿಯು ಸಹ್ಯಾದ್ರಿಗೆ ತಾಗಿ ಭಾರಿ ಮಳೆಯನ್ನು ಸುರಿಸುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಿನಲ್ಲಿ ಕೊಲ್ಲಿಯ ವಾಯುಭಾರ ಕುಸಿತದಿಂದಲೇ ಉತ್ತರ ಕರ್ನಾಟಕದಲ್ಲಿ ಮಹಾಮಳೆಯಾಗಿ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. 2019ರ ಆಗಸ್ಟ್ ತಿಂಗಳಿನಲ್ಲಿಯೂ ಕೊಲ್ಲಿಯಲ್ಲಿ ಇಂತಹ ಕುಸಿತವಿದ್ದ ದಿನಗಳಲ್ಲಿಯೇ ಸಹ್ಯಾದ್ರಿಯಲ್ಲಿ ಮಳೆಯು ಎಡೆಬಿಡದೆ ಸುರಿಯಿತು. ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿ ಹರಿದವು. ಕಡಲಿನಲ್ಲಿ ಎದ್ದ ಅಲೆಯು ನದಿಯ ರೂಪದಲ್ಲಿ ಒಳನಾಡಿನ ಬಾಗಿಲನ್ನು ತಟ್ಟಿತೆಂದರೆ ತಪ್ಪಾಗಲಾರದು.

ಆ ಬಾಗಿಲುಗಳಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ದಡ್ಡಿ ಗ್ರಾಮವೂ ಒಂದು. ಮಹಾರಾಷ್ಟ್ರದ ಗಡಿಗೆ ಸಮೀಪವಾಗಿರುವ ಈ ಊರಿನ ಬಳಿ ಘಟಪ್ರಭಾ ನದಿಯು ಹರಿಯುತ್ತದೆ. ಇಲ್ಲಿ ಕೇಂದ್ರ ಜಲ ಆಯೋಗವು ನದಿಯ ಮಟ್ಟವನ್ನೂ ಹರಿವನ್ನೂ ಅಳೆಯುವ ಕೇಂದ್ರವನ್ನು ಹೊಂದಿದೆ. ಮೇಲಿನ ಘಟ್ಟಗಳಲ್ಲಿ ಎಷ್ಟು ಮಳೆಯಾಯಿತೆಂಬುದು ದಡ್ಡಿಯ ನೀರಿನಲ್ಲಿ ಕಾಣಿಸುತ್ತದೆ. ದಡ್ಡಿಯನ್ನು ದಾಟಿದ ನೀರು ಹಿಡಕಲ್ ಜಲಾಶಯವನ್ನು ಸೇರುತ್ತದೆ. ಸುಮಾರು 51 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯಬಲ್ಲ ಈ ಜಲಾಶಯಕ್ಕೆ ರಾಜಾ ಲಖಮಗೌಡ ಜಲಾಶಯವೆಂಬ ಹೆಸರಿದೆ. ಅಣೆಕಟ್ಟಿನ ಕೆಳಗೆ ಸಂಕೇಶ್ವರದ ಕಡೆಯಿಂದ ಬರುವ ಹಿರಣ್ಯಕೇಶಿಯು ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ. ಮುಂದೆ ನದಿಯು ಗೋಕಾಕ ಜಲಪಾತದಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಗೋಕಾಕ ಪಟ್ಟಣದ ಬಳಿ ಮಾರ್ಕಂಡೇಯ ನದಿಯೂ ಬಂದು ಸೇರುತ್ತದೆ. ಅಲ್ಲಿಂದ ಮುಂದೆ ಮೂಡಲಗಿ ತಾಲ್ಲೂಕಿನ ಹಳ್ಳಿಗಳ ಕಬ್ಬಿನ ಹೊಲಗಳ ನಡುವೆ ಹರಿದು ನದಿಯು ಬಾಗಲಕೋಟೆ ಜಿಲ್ಲೆಯತ್ತ ಸಾಗುತ್ತದೆ.

ಈ ಹರಿವಿನಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಹಿರಣ್ಯಕೇಶಿಯು ಹುಟ್ಟುವ ಆಂಬೋಲಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ನೂರು ಕಿಲೋಮೀಟರಿನೊಳಗೆ ಇರುವ ಗೋಕಾಕದಲ್ಲಿ ಸಾಮಾನ್ಯ ವರ್ಷದಲ್ಲಿ ಅದರ ಹತ್ತನೆಯ ಒಂದು ಪಾಲಷ್ಟು ಮಳೆಯೂ ಬೀಳುವುದಿಲ್ಲ. ಆದ್ದರಿಂದ ಗೋಕಾಕ, ಮೂಡಲಗಿಗಳಲ್ಲಿ ಬಿಸಿಲು ಬಿದ್ದಿರುವಾಗಲೂ ನದಿಯು ಉಕ್ಕಿ ಬರಬಹುದು. ತಲೆಯ ಮೇಲಿನ ಆಕಾಶವನ್ನು ನೋಡಿ ಬೇಸಾಯ ಮಾಡಿದ ರೈತನಿಗೆ, ಮೋಡವಿಲ್ಲದ ದಿನ ಮನೆಯನ್ನು ಬಿಡು ಎಂದರೆ ಆ ಮಾತು ಹುಚ್ಚಿನ ಮಾತಾಗಿ ಕೇಳಿಸುತ್ತದೆ. ಕಡಲ ತೀರದವನು ಚಂಡಮಾರುತದ ಕಣ್ಣಿನ ಶಾಂತಿಗೆ ಮೋಸಹೋದಂತೆ ನದಿಯ ತೀರದವನು ನಿರ್ಮಲವಾದ ಆಕಾಶಕ್ಕೆ ಮೋಸಹೋಗುತ್ತಾನೆ.

2019ರ ನೆರೆಯಲ್ಲಿ ಕರ್ನಾಟಕದ 22 ಜಿಲ್ಲೆಗಳ 103 ತಾಲ್ಲೂಕುಗಳು ನೆರೆಪೀಡಿತವೆಂದು ಘೋಷಿತವಾದವು. ಸುಮಾರು 7 ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಬೆಳಗಾವಿ ಜಿಲ್ಲೆಯು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಗೋಕಾಕದ ಲೋಳಸೂರ ಸೇತುವೆಯು ಮುಳುಗಿ ಸಂಚಾರವು ನಿಂತಿತು. ಪಟ್ಟಣದ ತಗ್ಗಿನ ಓಣಿಗಳಲ್ಲಿ ನೀರು ನಿಂತಿತು. 2021ರ ಜುಲೈ ತಿಂಗಳಿನಲ್ಲಿ ಇದೇ ದುಃಖವು ಮರುಕಳಿಸಿತು. ನೆರೆಯ ದಿನಗಳಲ್ಲಿ ಗೋಕಾಕ ಜಲಪಾತದ ಭೋರ್ಗರೆತವನ್ನು ನೋಡಲು ದೂರದೂರದಿಂದ ಜನರು ಬಂದು ನೆರೆಯುತ್ತಾರೆ. ಅವರ ಕಣ್ಣಿಗೆ ಹಬ್ಬವಾದ ಅದೇ ನೀರು ಕೆಲವೇ ಮೈಲಿಗಳ ಕೆಳಗೆ ಬಡವನ ಮಣ್ಣಿನ ಗೋಡೆಯನ್ನು ನೆನೆಸಿ ಕೆಡವುತ್ತಿರುತ್ತದೆ. ನೀರು ಇಳಿದ ಮೇಲೆ ಉಳಿಯುವುದು ಕೆಸರು, ಕೊಳೆತ ಕಬ್ಬು, ಮೊಳಕೆಯೊಡೆದ ಜೋಳದ ಚೀಲ, ಶಾಲೆಯ ಮಕ್ಕಳ ನೆಂದ ಪುಸ್ತಕ.

ಇಷ್ಟಾದರೂ ಜನರು ಕೊನೆಯ ಗಳಿಗೆಯವರೆಗೂ ಮನೆಯನ್ನು ಬಿಡುವುದಿಲ್ಲವೇಕೆ? ಅದನ್ನು ಅಜ್ಞಾನವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ರೈತನ ಕೊಟ್ಟಿಗೆಯಲ್ಲಿ ಎಮ್ಮೆಯಿದೆ, ಜೋಡಿ ಎತ್ತುಗಳಿವೆ. ಆಶ್ರಯ ಕೇಂದ್ರದಲ್ಲಿ ಅವನಿಗೆ ಅನ್ನವಿದ್ದರೂ ಎಮ್ಮೆಗೆ ಮೇವಿಲ್ಲದಿದ್ದರೆ ಅವನು ಹೋಗಲಾರ. ವರ್ಷದ ಕಾಳು ಮನೆಯಲ್ಲಿದೆ. ಬಾಗಿಲು ಹಾಕಿಕೊಂಡು ಹೋದರೆ ಕಾಯುವವರಾರು? ಹಾಸಿಗೆ ಹಿಡಿದ ಮುದುಕಿಯಿದ್ದಾಳೆ, ತುಂಬು ಗರ್ಭಿಣಿಯಿದ್ದಾಳೆ; ಅವರನ್ನು ಕರೆದೊಯ್ಯುವ ಬಂಡಿ ಯಾವುದು? ಹಿಂದೊಮ್ಮೆ ಡಂಗುರ ಸಾರಿದಾಗ ನೀರು ಬರಲಿಲ್ಲ; ಈ ಸಲ ಬರುವುದೆಂಬ ನಂಬಿಕೆಯೇನು? ಇವೆಲ್ಲವೂ ವಿವೇಕಿಯಾದ ಸಂಸಾರಸ್ಥನ ಪ್ರಶ್ನೆಗಳು. ಇವುಗಳಿಗೆ ಉತ್ತರವನ್ನು ಸಿದ್ಧಪಡಿಸದೆ ಕೇವಲ ಅಪ್ಪಣೆಯನ್ನು ಹೊರಡಿಸಿದರೆ ಆ ಅಪ್ಪಣೆಯು ಕಾಗದದ ಮೇಲೆಯೇ ಉಳಿಯುತ್ತದೆ.

ಜಲಾಶಯವಿರುವಾಗ ನೆರೆಯ ಭಯವೇಕೆ, ಮೊದಲೇ ಅದನ್ನು ಬರಿದು ಮಾಡಿಟ್ಟರೆ ಸಾಕಲ್ಲವೇ ಎಂದು ವಾದಿಸುವವರಿದ್ದಾರೆ. ಈ ವಾದದಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ಹಿಡಕಲ್ ಜಲಾಶಯವು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ವಿಶಾಲವಾದ ಭೂಮಿಗೆ ನೀರುಣಿಸಬೇಕಾದುದು. ಮಳೆಗಾಲದಲ್ಲಿ ಅದನ್ನು ತುಂಬಿಸದೆ ಬಿಟ್ಟು, ಮುಂದೆ ಮಳೆಯು ಕೈಕೊಟ್ಟರೆ ಬೇಸಿಗೆಯಲ್ಲಿ ಹೊಲಗಳು ಒಣಗುತ್ತವೆ. ಒಂದು ಕಡೆ ನೆರೆಯ ಭಯ, ಇನ್ನೊಂದು ಕಡೆ ಬರದ ಭಯ. ಹವಾಮಾನದ ಸೂಚನೆಯನ್ನೂ ದಡ್ಡಿಯ ಅಳತೆಯನ್ನೂ ನೋಡಿ, ನೀರನ್ನು ಸ್ವಲ್ಪಸ್ವಲ್ಪವಾಗಿ ಮುಂಚಿತವಾಗಿಯೇ ಬಿಡುವ ಜಾಣ್ಮೆಯಿಂದ ಹಾನಿಯನ್ನು ತಗ್ಗಿಸಬಹುದು. ಆದರೂ ಹಿರಣ್ಯಕೇಶಿಯ ನೀರು ಹಿಡಕಲ್ಲಿನ ಬಾಗಿಲುಗಳ ಹಿಡಿತಕ್ಕೆ ಸಿಕ್ಕುವುದಿಲ್ಲ. ಅದು ಅಣೆಕಟ್ಟಿನ ಕೆಳಗೆ ಬಂದು ಸೇರುವಂಥದು. ಆದ್ದರಿಂದ ಅಣೆಕಟ್ಟಿನ ಮೇಲೆ ಎಲ್ಲ ಭಾರವನ್ನೂ ಹೊರಿಸಿ ಊರು ನಿದ್ರಿಸುವಂತಿಲ್ಲ.

ಊರು ಮಾಡಬೇಕಾದ ಕೆಲಸಗಳು ದುಬಾರಿಯಾದವುಗಳಲ್ಲ. ಹಿಂದಿನ ನೆರೆಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಶಾಲೆಯ ಗೋಡೆಯ ಮೇಲೆ, ಗುಡಿಯ ಕಂಬದ ಮೇಲೆ ಇಸವಿಯೊಡನೆ ಗುರುತಿಸಬೇಕು. ಇಷ್ಟು ಕ್ಯುಸೆಕ್ ನೀರನ್ನು ಬಿಡಲಾಗಿದೆ ಎಂಬ ಪ್ರಕಟಣೆಯು ಹಳ್ಳಿಗರಿಗೆ ಅರ್ಥವಾಗದು. ಇಂದು ಸಂಜೆಗೆ ನೀರು ಇಂತಹ ಗುಡಿಯ ಮೆಟ್ಟಿಲನ್ನು ಮುಟ್ಟುವುದೆಂದರೆ ಮಗುವಿಗೂ ಅರ್ಥವಾಗುತ್ತದೆ. ಪ್ರತಿ ಓಣಿಯಲ್ಲಿಯೂ ವೃದ್ಧರು, ರೋಗಿಗಳು, ಅಂಗವಿಕಲರು ಯಾರಿದ್ದಾರೆಂಬ ಪಟ್ಟಿಯು ಮಳೆಗಾಲಕ್ಕೆ ಮೊದಲೇ ಸಿದ್ಧವಾಗಿರಬೇಕು. ಯಾರನ್ನು ಯಾರು ಕರೆದೊಯ್ಯಬೇಕೆಂಬುದು ನಿಶ್ಚಯವಾಗಿರಬೇಕು. ದನಗಳಿಗೆ ಎತ್ತರವಾದ ಜಾಗ ಮತ್ತು ಮೇವಿನ ಬಣವೆಯು ಇರಬೇಕು. ಬಿಟ್ಟುಹೋದ ಮನೆಗಳನ್ನು ಕಾಯಲು ಪಾಳಿಯ ವ್ಯವಸ್ಥೆಯಿರಬೇಕು. ಸಂಚಾರಿ ದೂರವಾಣಿಯಲ್ಲಿ ಬರುವ ಸಂದೇಶದ ಜೊತೆಗೆ ಡಂಗುರವೂ ಇರಲಿ. ಮಳೆಗಾಳಿಗೆ ವಿದ್ಯುತ್ತು ನಿಂತು ಸಂದೇಶವು ಬಾರದೆ ಹೋದಾಗ ಡಂಗುರದ ಸದ್ದು ಕೇಳಿಸುತ್ತದೆ.

ಸುಳ್ಳಾದ ಸೂಚನೆಯ ಪ್ರಶ್ನೆಯು ಉಳಿಯುತ್ತದೆ. ವಿಜ್ಞಾನವು ಎಷ್ಟು ಬೆಳೆದರೂ ಕೆಲವೊಮ್ಮೆ ಗಾಳಿಯು ದಾರಿ ಬದಲಿಸುತ್ತದೆ, ಮಳೆಯು ಕಡಿಮೆಯಾಗುತ್ತದೆ. ಅಂದು ಮನೆಯನ್ನು ಬಿಟ್ಟವನು ಮೋಸಹೋದೆನೆಂದು ಭಾವಿಸಬಾರದು. ರಾತ್ರಿಯೆಲ್ಲ ಹೊಲ ಕಾದ ರೈತನು, ಹಂದಿ ಬರಲಿಲ್ಲವೆಂದು ಕಾದುದನ್ನು ವ್ಯರ್ಥವೆನ್ನುವುದಿಲ್ಲ. ಆದರೆ ಇದಕ್ಕೆ ಪ್ರತಿಯಾಗಿ ಅಧಿಕಾರಿಗಳಿಗೂ ಒಂದು ಕರ್ತವ್ಯವಿದೆ. ಸೂಚನೆಯು ತಪ್ಪಿದಾಗ ಅದೇಕೆ ತಪ್ಪಿತೆಂಬುದನ್ನು ಅವರು ಜನರ ಮುಂದೆ ಬಿಚ್ಚಿ ಹೇಳಬೇಕು. ಮುಚ್ಚಿಟ್ಟ ತಪ್ಪು ನಂಬಿಕೆಯನ್ನು ಕೊಲ್ಲುತ್ತದೆ. ಹೇಳಿದ ತಪ್ಪು ನಂಬಿಕೆಯನ್ನು ಉಳಿಸುತ್ತದೆ.

ಈ ಕೆಲಸದಲ್ಲಿ ವಿದ್ಯಾರ್ಥಿಗಳ ಪಾತ್ರವು ಚಿಕ್ಕದಲ್ಲ. ನಕ್ಷೆಯನ್ನು ಓದಬಲ್ಲವರು, ಸುದ್ದಿಯನ್ನು ಓದಿ ಅರ್ಥ ಹೇಳಬಲ್ಲವರು ಅನೇಕ ಮನೆಗಳಲ್ಲಿ ಅವರೇ. ನದಿಯು ಎಲ್ಲಿ ಹುಟ್ಟುತ್ತದೆ, ಅದಕ್ಕೆ ಎಲ್ಲಿ ಯಾವ ಉಪನದಿಯು ಸೇರುತ್ತದೆ ಎಂಬ ಭೂಗೋಳದ ಪಾಠವು ಪರೀಕ್ಷೆಯಲ್ಲಿ ಅಂಕ ಗಳಿಸುವುದಕ್ಕೆ ಮಾತ್ರವಲ್ಲ. ಬಿಸಿಲಿರುವ ದಿನದಲ್ಲಿಯೂ ನೆರೆಯು ಬರಬಹುದೆಂದು ಅಜ್ಜನಿಗೆ ಮನವರಿಕೆ ಮಾಡಿಕೊಡುವುದಕ್ಕೂ ಅದು ಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಉಪಗ್ರಹವು ಕಡಲಿನ ಸುಳಿಯನ್ನು ಕಾಣಬಲ್ಲುದು, ದಡ್ಡಿಯ ಮಾಪಕವು ನದಿಯ ಏರಿಕೆಯನ್ನು ತಿಳಿಸಬಲ್ಲುದು. ನದಿಯ ದಂಡೆಯ ಕೊನೆಯ ಮನೆಯಲ್ಲಿ ಒಬ್ಬಂಟಿಯಾಗಿರುವ ಮುದುಕಿಯ ಕೈಹಿಡಿದು ದಿಬ್ಬವನ್ನು ಹತ್ತಿಸುವ ಶಕ್ತಿಯು ಮಾತ್ರ ಆ ಯಂತ್ರಗಳಿಗಿಲ್ಲ. ಅದು ನೆರೆಮನೆಯವರ ಕೆಲಸ. ಆ ಕೆಲಸವನ್ನು ಮಳೆಗಾಲಕ್ಕೆ ಮುಂಚೆಯೇ ಹಂಚಿಕೊಂಡು ಕಾಯುವ ಊರಿಗೆ ನೆರೆಯು ಬಂದರೂ ಜೀವಹಾನಿಯನ್ನು ತಡೆಯಬಹುದು.